ಮಖಮಲ್ಲು ಕತ್ತರಿಸಿದ ಕೈ

“ಎಂಟನೇ ಕ್ಲಾಸೂ ದಾಟದ ಕತ್ತೆ ಕೈಗೆ ಮಖಮಲ್ಲು ಕೊಟ್ಟಿದ್ದು ನನ್ನ ತಪ್ಪು ಸ್ವಾಮಿ! ನೋಡಿ, ಕೋಟಿನ ಒಂದು ಮಗ್ಗುಲು ಅಮಾವಾಸ್ಯೆ, ಇನ್ನೊಂದು ಮಗ್ಗುಲು ಹುಣ್ಣಿಮೆ ಮಾಡಿಟ್ಟಿದಾನೆ!”

ಹೀಗೆಂದವರು ಅರಸೀಕೆರೆಯ ಟೈಲರ್ ತುಕಾರಾಮ ರಾಯರು. ಬೈಸಿಕೊಂಡವನು ಏಳು ವರ್ಷದಿಂದ ಅವರ ಅಂಗಡಿಯಲ್ಲಿ ಹೊಲಿಯುತ್ತಿರುವ ಮರುಳಸಿದ್ದ. ಕೋಟು ಹೊಲಿಸಿದ್ದ ಮದುವೆ ಗಂಡು, ಅವನ ಜೊತೆ ಬಂದ ನಾಲ್ಕು ಜನ, ಎದುರಿನ ಹೂವಿನಂಗಡಿಯಾಕೆ, ಎಲ್ಲರೂ ನಕ್ಕರು. ನಾನು ನಗಲಿಲ್ಲ. ಆ ಮಖಮಲ್ಲನ್ನು ಕತ್ತರಿಸಿದವನು ನಾನು. ನನ್ನ ಹಿಡಿಯೊಳಗೆ ಯಾರ ಬೆರಳಿದ್ದವೆಂದು ನನಗೆ ಗೊತ್ತು.

ನಾನು ಒಂದು ಕತ್ತರಿ. ಹನ್ನೊಂದಿಂಚು ಉದ್ದ, ಹಿತ್ತಾಳೆ ಹಿಡಿ. ಕತ್ತರಿಯಾಗುವ ಮೊದಲು ಲಾರಿಯೊಂದರ ಸ್ಪ್ರಿಂಗ್ ಪಟ್ಟಿಯಾಗಿದ್ದೆ. ಮೀರತ್ತಿನ ಕುಲುಮೆಯಲ್ಲಿ ಕಾಯಿಸಿ, ಬಡಿದು, ಎರಡು ಅಲಗು ಮಾಡಿ, ಒಂದೇ ಮೊಳೆಗೆ ಸಿಕ್ಕಿಸಿದರು. ಅವತ್ತಿನಿಂದ ಬಾಯಿ ತೆರೆಯುವುದು, ಮುಚ್ಚುವುದು. ಮಾತು ಮಾತ್ರ ಕೊಡಲಿಲ್ಲ.

ನನ್ನನ್ನು ಕೊಂಡವರು ತುಕಾರಾಮ ರಾಯರ ತಂದೆ ಯಶವಂತ ರಾಯರು. ರೈಲ್ವೆಯವರ ಯೂನಿಫಾರಂ ಹೊಲಿಯುತ್ತಿದ್ದರು. ಕತ್ತರಿಸಿದ್ದು ಕೆಟ್ಟರೆ “ಕೆಟ್ಟಿದ್ದು ನನ್ ಕೈಲಿ” ಎಂದು ಗಿರಾಕಿಯ ಮುಂದೆಯೇ ಹೇಳಿ, ಬೇರೆ ಬಟ್ಟೆ ತಂದು ಹೊಲಿದುಕೊಡುತ್ತಿದ್ದರು. ನನ್ನನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ವರ್ಷಕ್ಕೊಂದು ದಿನ ಮಾತ್ರ, ಯುಗಾದಿಯ ಹಿಂದಿನ ದಿನ, ಮಿಷನ್ನುಗಳಿಗೆಲ್ಲ ಎಣ್ಣೆ ಬಿಟ್ಟು, ನನಗೆ ಕುಂಕುಮವಿಟ್ಟು ಮೇಜಿನ ಮೇಲೆ ಮಲಗಿಸುತ್ತಿದ್ದರು. ಒಬ್ಬೊಬ್ಬರೇ ಬಂದು ನನ್ನ ಮೇಲೆ ಕೈಯಿಟ್ಟು, ಬರುವ ವರ್ಷ ಏನು ಮಾಡುತ್ತೇನೆಂದು ಗಟ್ಟಿಯಾಗಿ ಹೇಳಬೇಕು. ಅದಕ್ಕೆ ‘ಮಾತು ಇಡೋದು’ ಅನ್ನುತ್ತಿದ್ದರು.

ಯಶವಂತ ರಾಯರು ಹೋದರು. ನಾನು ಮಗನ ಕೈಗೆ ಬಂದೆ. ಪದ್ಧತಿಯೂ ಬಂತು.

ಎಷ್ಟು ಮಾತು ಕೇಳಿದ್ದೇನೆ! ಪ್ಯಾಂಟ್ ಹೊಲಿಯುವ ಇಕ್ಬಾಲಣ್ಣ ಪ್ರತಿ ವರ್ಷವೂ ಬೀಡಿ ಬಿಡುತ್ತಾನೆ. ತುಕಾರಾಮ ರಾಯರು ಪ್ರತಿ ವರ್ಷವೂ ಹೊಸ ಕನ್ನಡಕ ಮಾಡಿಸುತ್ತಾರೆ. ಬೀಡಿಯೂ ಹೋಗಲಿಲ್ಲ, ಕನ್ನಡಕವೂ ಬರಲಿಲ್ಲ. ಸಿದ್ದ ಒಬ್ಬನೇ ಇಟ್ಟ ಮಾತನ್ನು ಮಾಡಿ ತೋರಿಸಿದವನು. ಮೊದಲ ವರ್ಷ ಕಾಲರ್ ಅಂದ, ಕಲಿತ. ಆಮೇಲೆ ಸಫಾರಿ, ಆಮೇಲೆ ಕೋಟು. ನಾಲ್ಕನೇ ವರ್ಷ “ಕಟಿಂಗ್ ಕಲೀತೀನಿ” ಅಂದ. ಅಂಗಡಿಯೆಲ್ಲ ನಕ್ಕಿತು. ಐದನೇ ವರ್ಷವೂ ಅದೇ ಮಾತು, ಆರನೇ ವರ್ಷವೂ ಅದೇ ಮಾತು. “ಅಳತೆ ಬರೆದ್ರೆ ಮೂರು ಎಂಟಾಗುತ್ತೆ, ಇವನಿಗೆ ಕಟಿಂಗ್ ಬೇಕಂತೆ” ಎಂದು ರಾಯರು ನನ್ನನ್ನು ತಮ್ಮತ್ತ ಎಳೆದುಕೊಳ್ಳುತ್ತಿದ್ದರು. ಅವನ ಬೆರಳಿನ ಬಿಸಿ ನನ್ನ ಹಿತ್ತಾಳೆಯಲ್ಲಿ ಉಳಿಯುತ್ತಿತ್ತು. ನಾನು ಚಡಪಡಿಸುತ್ತಿದ್ದೆ.

ಈ ವರ್ಷ ಮಖಮಲ್ಲು ಬಂತು. ಅದಕ್ಕೆ ಕೂದಲಿರುತ್ತದೆ. ಮೇಲಿನಿಂದ ಸವರಿದರೆ ಒಂದು ಬಣ್ಣ, ಕೆಳಗಿನಿಂದ ಸವರಿದರೆ ಇನ್ನೊಂದು. ಎಲ್ಲ ತುಂಡನ್ನೂ ಒಂದೇ ದಿಕ್ಕಿಗೆ ಕತ್ತರಿಸಬೇಕು. ಬಟ್ಟೆ ಗೇಣುದ್ದ ಉಳಿಯಲೆಂದು ರಾಯರು ಎಡಗಡೆಯ ತುಂಡನ್ನು ತಲೆಕೆಳಗು ಹಾಸಿದರು.

“ಮಾಸ್ಟ್ರೇ, ಕೂದ್ಲು ತಿರುಗ್ತು” ಎಂದ ಸಿದ್ದ.

“ನೀನು ಹೊಲಿಯೋದು ನೋಡ್ಕೊಳೋ.”

ಅವರು ಒತ್ತಿದರು. ನಾನು ಕತ್ತರಿಸಿದೆ. ನನಗೆ ಬೇರೆ ದಾರಿ ಎಲ್ಲಿದೆ?

ಇವತ್ತು ಯುಗಾದಿಯ ಹಿಂದಿನ ದಿನ. ಮದುವೆ ಗಂಡು ಕೋಟನ್ನು ಮೇಜಿನ ಮೇಲೆ ಎಸೆದು ಹೋದ. ನಕ್ಕವರೂ ಹೋದರು. ಆಗ ರಾಯರು ದನಿ ತಗ್ಗಿಸಿದರು.

“ಗಿರಾಕಿ ಮುಂದೆ ಹಾಗನ್ಬೇಕಾಯ್ತು ಕಣಪ್ಪ. ಅಪ್ಪನ ಕಾಲದ ಹೆಸರು, ಕೆಟ್ಟರೆ ಬಾಗಿಲು ಹಾಕೋದೇ. ನನ್ನ ಕಣ್ಣು ನಿನಗೆ ಗೊತ್ತೇ ಇದೆ. ಬಾ, ಮಾತು ಇಡು. ಈ ವರ್ಷದಿಂದ ಕಟಿಂಗ್ ನಿಂದೇ.”

“ಇಡ್ಲಾ ಸಿದ್ದಾ!” ಎಂದ ಇಕ್ಬಾಲಣ್ಣ. “ಮೂರು ವರ್ಷದಿಂದ ಇದಕ್ಕೇ ಅಲ್ವೇನ್ಲಾ ಕಾದಿದ್ದು?”

ಸಾಣೆ ಹಿಡಿದು ಹಿಡಿದು ನಾನು ಅರ್ಧ ಸವೆದಿದ್ದೇನೆ. ಇಷ್ಟು ವರ್ಷದಲ್ಲಿ ನಿನ್ನ ಮಾತೇನು ಎಂದು ನನ್ನನ್ನು ಯಾರೂ ಕೇಳಿಲ್ಲ. ಇರಲಿ, ನಾನೇ ಹೇಳುತ್ತೇನೆ. ಬರುವ ವರ್ಷ ನಾನು ಯಾವ ಕೈಯ ತಪ್ಪನ್ನೂ ಇನ್ನೊಂದು ಕೈಗೆ ಅಂಟಿಸಲು ಬಿಡುವುದಿಲ್ಲ. ಹೇಗೆಂದು ಕೇಳಬೇಡಿ. ನನಗೂ ಗೊತ್ತಿಲ್ಲ. ಆದರೆ ಸುಮ್ಮನೆ ಮಲಗಿರಲಾರೆ.

ಸಿದ್ದ ಮೇಜಿನ ಬಳಿ ಬಂದ. ಅವನ ಕೈ ನನ್ನತ್ತ ಬಂತು, ನನ್ನನ್ನು ದಾಟಿತು. ಕೋಟನ್ನೆತ್ತಿ, ಒಳಮೈ ಹೊರಗೆ ತಿರುಗಿಸಿ, ತಾನು ಹಾಕಿದ ಹೊಲಿಗೆಯನ್ನು ಒಮ್ಮೆ ಬೆರಳಲ್ಲಿ ಸವರಿದ. ಒಂದು ಎಳೆಯೂ ವಾರೆಯಾಗಿರಲಿಲ್ಲ. ಕೋಟು ಮಡಚಿ ರಾಯರ ಮುಂದಿಟ್ಟ. ಕೊರಳಿನ ಟೇಪು ತೆಗೆದು ಅದರ ಮೇಲಿಟ್ಟ. ಚಪ್ಪಲಿ ಮೆಟ್ಟಿದ.

“ಎಲ್ಲಿಗೋ? ಕೊಡ್ತೀನಿ ಅಂದ್ನಲ್ಲ!” ರಾಯರ ದನಿ ಏರಿತು. “ಏನಾದ್ರೂ ಹೇಳೋ, ಸಿದ್ದಾ!”

ಹೂವಿನಂಗಡಿಯಾಕೆ ತಲೆಯೆತ್ತಿ ನೋಡಿದಳು. ಸಿದ್ದ ಮೆಟ್ಟಿಲಿಳಿದು, ಹಬ್ಬದ ಜನರ ನಡುವೆ ಸ್ಟೇಷನ್ ರಸ್ತೆ ಹಿಡಿದು ನಡೆದೇಬಿಟ್ಟ.