ಮಣ್ಣಿನ ಬಂದೂಕು

ಶಿಲ್ಪಿ ಮಣ್ಣಿನ ಪ್ರತಿಮೆಯ ಮೇಲಿನ ಒದ್ದೆ ಗೋಣಿಚೀಲ ಸರಿಸಿದಾಗ ತಾಯಿಗೆ ಮೊದಲು ಕಂಡದ್ದು ಮಗನ ಮುಖವಲ್ಲ, ಕೈಯಲ್ಲಿದ್ದ ಬಂದೂಕು. ಅವಳಿಗೆ ಮೈಯೆಲ್ಲ ಉರಿದುಹೋಯಿತು.

"ಯಾರಿದು?"

"ನಿಮ್ಮ ಮಗಾನೇ ಅಮ್ಮ. ಎದೆ ಮೇಲೆ ಪದಕ ನೋಡಿ. ನೀವು ಹೂಂ ಅಂದ್ರೆ ಕಂಚಲ್ಲಿ ಎರಕ ಹೊಯ್ತೀನಿ."

"ಅವನು ಯುದ್ಧದಲ್ಲಿ ಗಾಯಾಳುಗಳನ್ನ ಹೊರೋನು ಕಣಪ್ಪ. ಬಂದೂಕು ಹಿಡಿದೋನೇ ಅಲ್ಲ. ಗುಂಡು ತಗುಲಿದ್ರೂ ಬೆನ್ನ ಮೇಲಿದ್ದೋನನ್ನ ಕೆಳಗೆ ಹಾಕದೆ ಓಡಿದ್ದಕ್ಕೇ ಆ ಪದಕ ಕೊಟ್ಟಿದ್ದು!"

ಪ್ರತಿಮೆ ಸಮಿತಿಯ ಅಧ್ಯಕ್ಷ, ನಿವೃತ್ತ ಕ್ಯಾಪ್ಟನ್, ಊರುಗೋಲು ಕುಟ್ಟುತ್ತ ಮುಂದೆ ಬಂದ. "ಬಂದೂಕು ಇರಲಿ ಬಿಡಮ್ಮ. ಬರಿಗೈ ವೀರನಿಗೆ ಯಾರು ಕೈ ಮುಗೀತಾರೆ?"

ತಾಯಿ ಇನ್ನೂ ಹಸಿಯಾಗಿದ್ದ ಮಣ್ಣಿನ ಬಂದೂಕನ್ನು ಎರಡೂ ಕೈಯಿಂದ ಕಿತ್ತು ಕ್ಯಾಪ್ಟನ್ನನ ಹೊಳೆಯುವ ಬೂಟಿನ ಮುಂದೆ ಒಗೆದಳು.

ಶಿಲ್ಪಿ ಖಾಲಿಯಾದ ಮಣ್ಣಿನ ಕೈಗಳನ್ನು ನೋಡಿದ. "ಅಮ್ಮ... ಹಾಗಾದ್ರೆ ಬೆನ್ನ ಮೇಲೆ ಯಾರನ್ನ ಮಾಡ್ಲಿ?"

ಕ್ಯಾಪ್ಟನ್ ಕಿಟಕಿಯ ಕಡೆ ಮುಖ ತಿರುಗಿಸಿದ. ಇಷ್ಟು ವರ್ಷ ಊರೂರು ತಿರುಗಿ ಭಾಷಣ ಬಿಗಿದರೂ ಆ ಒಂದು ವಿಷಯದ ಬಗ್ಗೆ ಅವನು ಬಾಯಿ ಬಿಟ್ಟಿರಲಿಲ್ಲ. ಆದರೆ ಮಗನ ಜೊತೆಗಾರರು ಎಂದೋ ಮನೆಗೆ ಬಂದು ಅವಳಿಗೆ ಎಲ್ಲವನ್ನೂ ಹೇಳಿ ಹೋಗಿದ್ದರು.

ತಾಯಿ ಅವನ ಊರುಗೋಲನ್ನು ಕಸಿದುಕೊಂಡು ಮಣ್ಣಿನ ಮಗನ ಬಾಗದ ಬೆನ್ನನ್ನು ತೋರಿಸಿದಳು.

"ಬನ್ನಿ ಸಾಹೇಬ್ರೇ, ಹತ್ತಿ. ಅವತ್ತು ಬಿಟ್ಟು ಹೋಗಬೇಡ್ವೋ ಅಂತ ಅತ್ಕೊಂಡು ಹತ್ತಿದ್ರಲ್ಲ, ಹಾಗೇ ಹತ್ತಿ. ಇವರು ಅಳತೆ ತಗೊಳ್ಳಲಿ."