ಕೊನೆಯ ಹಾಳೆಯ ಅಭಿಪ್ರಾಯ

ಭಾಗ್ಯಶ್ರೀ ಮೈದಾ ಅಂಟಿನಲ್ಲಿ ಬೆರಳದ್ದಿ, ಹೊಸ ಕಾದಂಬರಿಯ ಬೆನ್ನಿಗೆ ಸವರಿ, ರಟ್ಟು ಕೂರಿಸಿ, ಅಂಗೈಯಿಂದ ಒತ್ತಿ ಹಿಡಿದಳು. ಬೆಂಗಳೂರಿನ ಪೀಣ್ಯದಲ್ಲಿ ಪುಸ್ತಕ ಬಾಡಿಗೆಗೆ ಕೊಡುವ ಆ ಸರ್ಕ್ಯುಲೇಟಿಂಗ್ ಲೈಬ್ರರಿಗೆ ಅವಳು ಕೆಲಸಕ್ಕೆ ಸೇರಿ ವರ್ಷವಾಗಿತ್ತು. ಮಾಲೀಕ ಗೋಪಾಲಪ್ಪ ಅವಳಿಂದ ಕೇಳಿದ್ದು "ಹೂಂರಿ" ಒಂದೇ.

ಶಹಾಪುರದ ಕಡೆಯ ಹುಡುಗಿ. ಏಳನೇ ತರಗತಿಗೆ ಶಾಲೆ ಬಿಡಿಸಿ, ಲೇತ್ ಕೆಲಸದ ಅಣ್ಣನ ಬಾಡಿಗೆ ಕೋಣೆಗೆ ಅಡುಗೆಗೆಂದು ಕಳಿಸಿದ್ದರು. ಸಾರಿಗೆ ಉಪ್ಪು ಸರಿಯಾಯಿತೇ ಎಂದು ಸಹ ಅಲ್ಲಿ ಅವಳನ್ನು ಕೇಳುವವರಿರಲಿಲ್ಲ. ಅವಳಿಗೂ ಒಂದು ಅಭಿಪ್ರಾಯವಿರಬಹುದೆಂದು ಬಲ್ಲದ್ದು ಲೈಬ್ರರಿ ಪುಸ್ತಕಗಳ ಕೊನೆಯ ಪುಟ ಮಾತ್ರ. ಕತೆ ಮುಗಿದು ಉಳಿದ ಬಿಳಿ ಜಾಗದಲ್ಲಿ ಹೆಸರು ಹಾಕದೆ, ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದಳು. ಅದೊಂದೇ ಅವಳ ಸ್ವಂತದ್ದು.

"ನಾಯಕ ಕಾರ್ಖಾನೆ ಮಾಲೀಕನ ಮಗ. ಇನ್ನೂರು ಪುಟದಲ್ಲಿ ಒಂದು ದಿನವೂ ಕಾರ್ಖಾನೆಗೆ ಹೋಗಲಿಲ್ಲ. ಸಂಬಳದ ದಿನ ಏನು ಮಾಡುತ್ತಾರೋ."

"ನಾಯಕಿ ಬಡವಳೆಂದು ಆರು ಸಲ ಬರೆದಿದೆ. ಒಂದು ಸಲವೂ ನೀರಿನ ಸಾಲಿನಲ್ಲಿ ನಿಲ್ಲಲಿಲ್ಲ. ಅಷ್ಟು ಬಿಳಿ ಸೀರೆ ಒಗೆದವರು ಯಾರು?"

ಸಸ್ಪೆನ್ಸ್ ಕಾದಂಬರಿಗಳಿಗೂ ವಿನಾಯಿತಿ ಇರಲಿಲ್ಲ. "ಕೊಲೆ ಮಾಡಿದ್ದು ಯಾರೆಂದು ಮನೆಯ ನಾಯಿಗೆ ಮೂರನೇ ಪುಟದಲ್ಲೇ ಗೊತ್ತಾಯಿತು. ಇನ್‌ಸ್ಪೆಕ್ಟರು ಸಿಗರೇಟು ಹಚ್ಚಿ ಯೋಚಿಸಿದ್ದರಿಂದ ಎಂಬತ್ತು ಪುಟ ತಡ." ತೀರಾ ಮೆಚ್ಚಿದರೆ, "ಬಸ್ಸು ಕೆಟ್ಟು ನಿಂತರೆ ಓದಬಹುದು."

ಸಾವಿರದ ಒಂಬೈನೂರ ತೊಂಬತ್ತಾರರ ಹೊತ್ತಿಗೆ ಓದುಗರೆಲ್ಲ ಪುಸ್ತಕವನ್ನು ಹಿಂದಿನಿಂದ ತೆರೆಯತೊಡಗಿದರು. ಕೊನೆಯ ಪುಟ ನೋಡುವುದು, ಕಿಸಕ್ಕನೆ ನಗುವುದು, ಪುಸ್ತಕವನ್ನು ಕಪಾಟಿಗೆ ಸೇರಿಸುವುದು. ತಿಂಗಳ ಹನ್ನೊಂದು ಹೊಸ ಕಾದಂಬರಿಗಳಲ್ಲಿ ಎಂಟು ಕದಲಲಿಲ್ಲ. ಗೋಪಾಲಪ್ಪ ಕೆಂಡವಾದ.

"ಯಾವನೋ ಇದು, ಪಬ್ಲಿಕ್ಕಾಗಿ ನನ್ ಹೊಟ್ಟೆಗೆ ಮಣ್ ಹಾಕ್ತಾವ್ನೆ! ಭಾಗ್ಯಮ್ಮ, ಆ ಕೊನೇ ಹಾಳೆ ಎಲ್ಲಾ ಹರಿದಾಕು."

ಹಾಳೆಯ ಒಂದು ಮಗ್ಗುಲಲ್ಲಿ ಅವಳ ಅಭಿಪ್ರಾಯ, ಇನ್ನೊಂದು ಮಗ್ಗುಲಲ್ಲಿ ಕತೆಯ ಕೊನೆ. "ಸರ, ಹಿಂದ ಕತಿ ಐತ್ರಿ..." ಎಂದಳು, ಕೇಳಿಸಿಯೂ ಕೇಳಿಸದಷ್ಟು ಮೆಲ್ಲಗೆ.

"ಹೇಳಿದಷ್ಟ್ ಮಾಡಮ್ಮ."

ಮಾಡಿದಳು. ಎಂಟು ಕಾದಂಬರಿಗಳ ಮದುವೆ ನಿಂತಿತು, ಕೊಲೆಗಾರರು ಪಾರಾದರು.

ವಾರದ ಮೇಲೆ, ದಾವಣಗೆರೆಯಿಂದ ವರ್ಗವಾಗಿ ಬಂದ ಬ್ಯಾಂಕ್ ಅಧಿಕಾರಿಯ ಹೆಂಡತಿ ಮಹಾಂತಮ್ಮ ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದಳು.

"ಏನ್ರೀ ಗೋಪಾಲಪ್ಪ, ಕೊನೆ ಹಾಳೇನೇ ಇಲ್ವಲ್ರೀ!"

"ಕತೆ ಅರ್ಧ ಆಯ್ತೇನೋ ಮೇಡಂ, ತಪ್ಪಾಯ್ತು..."

"ಕತೆ ಯಾರಿಗ್ ಬೇಕ್ರೀ? ಮದ್ವಿ ಆಗೇ ಆಗ್ತದೆ, ಗೊತ್ತಿರೋದೇ. ಆ ಪೆನ್ಸಿಲ್ ಬರಹ ಎಲ್ಲಿ? ಅದಿಲ್ದಿದ್ರೆ ನಾನು ಬೇರೆ ಲೈಬ್ರರಿ ನೋಡ್ಕೋತೀನಿ."

ಸಂಜೆಯೊಳಗೆ ಇನ್ನೂ ನಾಲ್ವರು ಅದನ್ನೇ ಕೇಳಿದರು. ಕತೆ ಮುಗಿಯಲಿಲ್ಲವೆಂದು ಒಬ್ಬರೂ ದೂರಲಿಲ್ಲ. ಮಹಾಂತಮ್ಮ ಮತ್ತೆ ಬಂದಾಗ ಗೋಪಾಲಪ್ಪ ವರಸೆ ಬದಲಿಸಿದ. "ಬರೆದೋರು ಭಾರೀ ಓದಿರೋರು ಮೇಡಂ. ಎಂ.ಎ.ಗೆ ಕಮ್ಮಿ ಇಲ್ಲ." ಮಹಾಂತಮ್ಮ ತಲೆಯಾಡಿಸಿದಳು. ಇಬ್ಬರ ಕಣ್ಣೂ ಒಟ್ಟಿಗೆ ಹೋಗಿ ನಿಂತದ್ದು ಸಸ್ಪೆನ್ಸ್ ಕಪಾಟಿನ ಮುಂದಿದ್ದ ಗುರುರಾಜನ ಮೇಲೆ. ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ಇಂಜಿನಿಯರು, ದಪ್ಪ ಕನ್ನಡಕ.

"ಸಾರ್, ನೀವೇ ಅಲ್ವಾ?" ಎಂದ ಗೋಪಾಲಪ್ಪ.

ಗುರುರಾಜ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಕನ್ನಡಕ ಒರೆಸಿ ನಕ್ಕ. ಅಷ್ಟು ಸಾಕಾಯಿತು. ಕಿಟಕಿಯ ಬಳಿ ಅವನಿಗೊಂದು ಕುರ್ಚಿ ಬಂತು, ನಾಲ್ಕು ಗಂಟೆಗೆ ಚಹಾ ಬಂತು, "ನಮ್ಮ ವಿಮರ್ಶಕರು" ಎಂಬ ಹೆಸರೂ ಬಂತು. ಅವನು ಚೀಟಿಯಲ್ಲಿ ಅಭಿಪ್ರಾಯ ಬರೆದುಕೊಡುವುದು, ಭಾಗ್ಯಶ್ರೀ ಅದನ್ನು ಪುಸ್ತಕದ ಕೊನೆಗೆ ಅಂಟಿಸುವುದು ಎಂದು ಏರ್ಪಾಡಾಯಿತು.

ಮೊದಲ ಚೀಟಿ ಕೈಗೆ ಬಂದಾಗ ಅವಳು ಅಂಟಿಸದೆ ಓದಿದಳು. "ಮಾನವೀಯ ಸಂಬಂಧಗಳ ಸೂಕ್ಷ್ಮ ಅನಾವರಣ. ಅಂತ್ಯವಂತೂ ಹೃದಯಸ್ಪರ್ಶಿ."

ಪುಸ್ತಕ ತಿರುವಿದಳು. ಇನ್ನು ಮುಂದೆ ಆ ಬಿಳಿ ಜಾಗದ ಮೇಲೆಲ್ಲ ಇವನ ಮಾತನ್ನು ತನ್ನ ಬೆರಳೇ ಒತ್ತಬೇಕು. ಎದ್ದು ನಿಂತಳು.

"ಸರ, ಈ ಪುಸ್ತಕಕ್ಕ ಕೊನೀನ ಇಲ್ರಿ. ಹ್ವಾದ ವಾರ ನಾನ ಹರದೀನಿ."

ಪುಸ್ತಕ ಬದಲಿಸಲು ಬಂದಿದ್ದ ಮಹಾಂತಮ್ಮ ಅದನ್ನು ಕಸಿದು ನೋಡಿದಳು. "ಅಯ್ಯ, ಹೌದಲ್ರೀ! ಇಲ್ದೇ ಇರೋದು ಎಲ್ಲಿ ಹೃದಯ ಮುಟ್ತು ಇವ್ರಿಗೆ?"

"ಅದು... ಊಹೆ ಮಾಡ್ಬೋದಲ್ವಾ ಮೇಡಂ," ಎಂದ ಗುರುರಾಜ, ಚಹಾ ಗುಟುಕರಿಸಿ. "ಕಾವ್ಯಮೀಮಾಂಸೇಲಿ ಅದನ್ನ ಧ್ವನಿ ಅಂತಾರೆ."

"ಮೊದಲಿನವೆಲ್ಲ ನಾ ಬರದಿದ್ರಿ," ಎಂದಳು ಭಾಗ್ಯಶ್ರೀ.

ಗೋಪಾಲಪ್ಪ ಹೋ ಎಂದು ನಕ್ಕ. "ನೀನಾ? ಏಳ್ನೇ ಕ್ಲಾಸು ಕಣಮ್ಮಾ ನೀನು!"

"ಹೌದ್ರಿ. ಏಳನೇತ್ತಾ. ನೀರಿನ ಪಾಳಿಗೆ ನಿಂತಾಕಿಗೆ ತಿಳೀತದ್ರಿ, ಬಿಳಿ ಸೀರಿ ಬಡವರು ಉಡಂಗಿಲ್ಲ."

ನಗು ಅಲ್ಲಿಗೇ ಕಡಿದುಬಿತ್ತು. ಆ ಮಾತು ಯಾವ ಪುಸ್ತಕದ ಹಿಂದಿತ್ತೆಂದು ಮಹಾಂತಮ್ಮನಿಗೆ ನೆನಪಾಗಿರಬೇಕು. ಅವಳು ಭಾಗ್ಯಶ್ರೀಯ ಅಂಟುಗೈಯನ್ನೊಮ್ಮೆ ನೋಡಿದಳು, ಆಮೇಲೆ ಕಿಟಕಿಯ ಬಳಿಯ ಕುರ್ಚಿಯನ್ನು. ಗುರುರಾಜ ಲೋಟದೊಳಗೆ ನೋಡಿದ. ಗೋಪಾಲಪ್ಪ, ಹಾಗೆ ನೋಡಿದರೆ, ಯಾರನ್ನೂ ನೋಡಲಿಲ್ಲ. ರಿಜಿಸ್ಟರ್ ತೆರೆದು ಯಾವುದೋ ಹೆಸರು ಹುಡುಕತೊಡಗಿದ.

"ಕುರ್ಚಿ ಬ್ಯಾಡ್ರಿ, ಚಾ ಬ್ಯಾಡ್ರಿ," ಎಂದಳು ಭಾಗ್ಯಶ್ರೀ. "ಬರಿಯೂದು ಒಂದು ನನಗ ಬಿಡ್ರಿ."