ಹಗೇವಿನ ಮೇಲಿನ ಕಲ್ಲು

ತೊಗರಿ ರಾಶಿಯ ದಿನಗಳು. ಅತನೂರಿನ ಹೊಲಗಳಲ್ಲಿ ಬೆಳಗಿನಿಂದಲೇ ಮಷೀನುಗಳು ಗದ್ದಲ ಎಬ್ಬಿಸಿದ್ದವು. ಹೊಟ್ಟಿನ ಧೂಳು ಮಾಳಿಗೆಗಳ ಮೇಲೆ ಹಾರಿ ಬಂದು ಕೂತಿತ್ತು. ಇಂಥ ಹೊತ್ತಿನಲ್ಲಿ ಹಾಡು ರೆಕಾರ್ಡ್ ಮಾಡುವ ಮಾತೇ ಇಲ್ಲ. ಕಲ್ಲಿನಾಥ ಪಡಸಾಲೆಯ ಕದ ಮುಂದಕ್ಕೆ ಮಾಡಿ, ಕಿಟಕಿಯ ಸಂದಿಗೆ ಹಳೆಯ ಕೌದಿ ತುರುಕಿ, ಹೊಸ ಸಬ್‌ವೂಫರಿನ ಮುಂದೆ ಮಂಡಿಯೂರಿದ್ದ.

ಗೋಡೆಗೆಲ್ಲ ಹತ್ತಿ ತುಂಬಿದ ಗೋಣಿಚೀಲ ಹೊಡೆದು ಅವನೇ ಮಾಡಿಕೊಂಡ ಸ್ಟುಡಿಯೊ ಅದು. ಮೇಜಿನ ಮೇಲೆ ಎರಡು ಸ್ಪೀಕರು. ಮೂಲೆಯ ಚಪ್ಪಡಿ ಕಲ್ಲಿನ ಮೇಲೆ ದಪ್ಪ ದನಿಯ ವೂಫರು. ತಂದಾಗಿನಿಂದ ಒಂದೇ ತೊಂದರೆ: ಡೊಳ್ಳಿನ ಪೆಟ್ಟು ಬಿದ್ದಾಗಲೆಲ್ಲ ಒಂದು ದನಿ ಮಾತ್ರ ಉಬ್ಬಿ ಪಡಸಾಲೆಯ ತುಂಬ ಉರುಳಾಡುತ್ತಿತ್ತು. ಹಾಡಿನಲ್ಲೇ ಅದು ಹೆಚ್ಚಾಗಿದೆ ಎಂದುಕೊಂಡು ಅವನು ಹಾಡಿನಿಂದಲೇ ಅದನ್ನು ತಗ್ಗಿಸುತ್ತಿದ್ದ. ಗೆಳೆಯ ಜಗದೇವ ಹಾಡಿದ ಮದುವೆ ಹಾಡನ್ನೂ ಹಾಗೆಯೇ ಮಾಡಿ ಕೊಟ್ಟಿದ್ದ. ನಿನ್ನೆ ಅಫಜಲಪುರದ ಒಂದು ಮದುವೆ ಮೆರವಣಿಗೆಯಲ್ಲಿ ಆ ಹಾಡು ಮೊದಲ ಸಲ ಮಂದಿಯ ಮುಂದೆ ಬಂದಿತ್ತು. ಹೇಗಾಯಿತೆಂದು ಕೇಳಲು ಫೋನು ಮಾಡಿದರೆ ಜಗದೇವ ಎತ್ತಿರಲಿಲ್ಲ.

ಹೊಸ್ತಿಲ ಬಳಿ ಅವನ ತಾಯಿ ಗುರಮ್ಮ ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. "ಆ ಕಲ್ಲಿನ ಮ್ಯಾಲ ಭಾರ ಇಡಬ್ಯಾಡಂದ್ರ ಕೇಳವಲ್ಲಿ. ಕೆಳಗ ನಿಮ್ಮಜ್ಜನ ಹಗೇವು ಅದ."

ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಕಣಜ. ಊರಿನವರೆಲ್ಲ ತಮ್ಮ ತಮ್ಮ ಹಗೇವಿಗೆ ಮಣ್ಣು ಹಾಕಿಸಿ ಎಷ್ಟೋ ವರ್ಷವಾಗಿತ್ತು.

"ಮಣ್ಣು ತುಂಬಿದ ಹಗೇವಿಗೆ ಏನಾಗ್ತದಬೇ ಯವ್ವಾ?" ಎಂದು ಅವನು ಆವಾಜು ಏರಿಸಿದ. ಗುರಮ್ಮ ಮತ್ತೇನೋ ಹೇಳಿದಳು. ಡೊಳ್ಳಿನಲ್ಲಿ ಅದು ಕೇಳಲಿಲ್ಲ.

ಕದಕ್ಕೆ ಒದೆ ಬಿತ್ತು. ನಿನ್ನೆಯ ಹೊಸ ಅಂಗಿಯಲ್ಲೇ ಜಗದೇವ ನಿಂತಿದ್ದ. ಕೈಯಲ್ಲಿ ಟ್ರ್ಯಾಕ್ಟರಿನ ಜಾಕಿನ ರಾಡು.

"ಏಳಲೇ ಕಲ್ಯಾ!"

"ಬಾ ದೋಸ್ತ, ಮೆರವಣಿಗೀ..."

"ಎಲ್ಲಿ ಹೋತೋ ನನ್ನ ಹಾಡಿನಾಗಿನ ಡೊಳ್ಳು? ತಗಡಿನ ಡಬ್ಬಿ ಬಡದಂಗ ಬಂತು. ಕುಣಿಯೋ ಮಂದಿ ನಿಂತ್ರು. 'ಹಾಡೋರಿಗೆ ಊಟ ಹಾಕಿಲ್ಲೇನ್ರಿ' ಅಂತ ಬೀಗರು ನಕ್ಕರು. ನಡುವ ಬಂದ್ ಮಾಡಿ ಬ್ಯಾರೆಯವನ ಹಾಡು ಹಚ್ಚಿದ್ರು. ನಾ ಅಲ್ಲೇ ನಿಂತಿದ್ದೆ, ಈ ಅಂಗಿ ಹಾಕ್ಕೊಂಡು!"

"ಇಲ್ಲಿ ಬರಾಬರಿ ಕೇಳ್ತದಪಾ. ಬೇಕಾದ್ರ ಕೇಳು."

ಆ ಮಾತು ಮುಗಿಯುವ ಮೊದಲೇ ಜಗದೇವ ರಾಡು ಬೀಸಿದ. ಎಡಗಡೆಯ ಸ್ಪೀಕರಿನ ಬಾಯಿ ಹರಿಯಿತು. ಇನ್ನೊಂದು ಏಟಿಗೆ ಅದರ ಪೆಟ್ಟಿಗೆಯೇ ಸೀಳಿ ನೆಲಕ್ಕುರುಳಿತು. ಕಲ್ಲಿನಾಥ ಹಾರಿ ಅವನ ನಡು ಹಿಡಿದ. ಜಗದೇವ ರಾಡು ಬಿಟ್ಟು, ಅಂಗೈ ಅಗಲಿಸಿ, ಕಲ್ಲಿನಾಥನ ಎಡಗಿವಿಯ ಮೇಲೆ ಬಿಗಿದ.

ಕಿವಿಯೊಳಗೆ ಏನೋ ಹರಿದಂತಾಯಿತು. ಕಲ್ಲಿನಾಥ ಮೊರದ ಮೇಲೆ ಬಿದ್ದು, ಅಲ್ಲಿಂದ ಮೂಲೆಗೆ ಉರುಳಿದ. ತೊಗರಿ ಕಾಳು ಚೆಲ್ಲಾಡಿದವು. ಪಕ್ಕೆಗೆ ಒಂದು ಒದೆ, ಅದರ ಹಿಂದೆಯೇ ಮತ್ತೊಂದು. ಬಲಗಿವಿ ಚಪ್ಪಡಿಗೆ ಒತ್ತಿಹೋಗಿತ್ತು. ವೂಫರು ಇನ್ನೂ ಬಾರಿಸುತ್ತಲೇ ಇತ್ತು. ಕಣ್ಣಿನ ಮುಂದೆ ಒಂದೊಂದು ಪೆಟ್ಟಿಗೂ ಕಾಳುಗಳು ಕಲ್ಲಿನ ಮೇಲೆ ಕುಣಿಯುತ್ತಿದ್ದವು. ಕಲ್ಲಿನ ಕೆಳಗೆ, ಬಹಳ ಆಳದಲ್ಲಿ, ಏನೋ ಗುಡುಗುತ್ತಿತ್ತು.

ಮೂರನೆಯ ಒದೆಗೆ ಬಂದ ಕಾಲನ್ನು ಅವನು ಹಿಡಿದು ಮೀನಖಂಡಕ್ಕೆ ಹಲ್ಲು ಊರಿದ. ಜಗದೇವ ಚೀರಿ ಬಿದ್ದ. ಕಲ್ಲಿನಾಥ ಅವನ ಎದೆಯ ಮೇಲೇರಿ ಕೂತಾಗ ರಾಡು ಇವನ ಕೈಯಲ್ಲಿತ್ತು. ಬಾಯಲ್ಲಿ ಅವನ ರಕ್ತದ ರುಚಿ.

"ಕೊಲ್ತೀಯೇನೋ!" ಗುರಮ್ಮ ಅವನ ಅಂಗಿ ಹಿಡಿದು ಜಗ್ಗಿದಳು. "ನನ್ನ ಕೈಲೆ ರೊಟ್ಟಿ ಉಂಡು ಬೆಳದಾನೋ ಅಂವ!"

ರಾಡು ಇಳಿಯಿತು. ಜಗದೇವನ ತಲೆಯ ಪಕ್ಕದಲ್ಲಿ, ಚಪ್ಪಡಿಯ ಮೇಲೆ.

ಕಲ್ಲು ಖಾಲಿ ಕೊಡದಂತೆ ಗೊಂಯ್ ಎಂದಿತು.

"ಖಾಲಿ ಅದಲ್ಲಬೇ," ಎಂದ ಕಲ್ಲಿನಾಥ, ಏದುಸಿರಿನಲ್ಲಿ.

"ಅದನ್ನ ಹೇಳಾಕತ್ತಿದ್ದೆ. ನೀ ಆವಾಜ ಏರಿಸಿದಿ. ಮತ್ತ ಜ್ವಾಳ ಬೆಳದ್ರ ಬೇಕಾಗ್ತದಂತ ನಿಮ್ಮಜ್ಜ ಮಣ್ಣು ಹಾಕಿಸಲಿಲ್ಲ. ಬರೇ ಕಲ್ಲು ಮುಚ್ಚಿಸಿದ."

ಕಲ್ಲಿನಾಥ ರಾಡು ಕೆಳಗಿಟ್ಟು ಅವನ ಎದೆಯ ಮೇಲಿಂದ ಇಳಿದ. "ಹಗೇವು ಗುಂಯ್‌ಗುಟ್ಟತಿತ್ತಲೇ. ನಾ ಅದನ್ನ ಹಾಡಿಂದಂತ ತಿಳಕೊಂಡು ನಿನ್ನ ಡೊಳ್ಳು ತಗದೆ."

ಜಗದೇವ ಎದ್ದ. ಕುಂಟುತ್ತ ಹೋಗಿ ವೂಫರನ್ನು ಅವುಚಿ ಎತ್ತಿದ. ಎದುರಿನ ಗೋಡೆಗೆ, ಗಟ್ಟಿ ನೆಲಕ್ಕೆ ತಂದು ಇಳಿಸಿದ. ಕಲ್ಲಿನಾಥ ಮೇಜಿನ ಮುಂದೆ ಕುಂತು ಹಾಡನ್ನು ಮೊದಲಿನಿಂದ ಹಚ್ಚಿದ.

"ಒಂದು ಗೇಣು ಈ ಕಡೆ ಸರಸು. ಹಾಂ, ಸಾಕು. ಹಿಂದಿನ ಆವಾಜಿನ ಗುಂಡಿ ತುಸು ಇಳಸು."

ಡೊಳ್ಳು ಈಗ ಉರುಳಾಡಲಿಲ್ಲ. ಒಣಗಿದ, ಸಣ್ಣ ಪೆಟ್ಟು. ನಿನ್ನೆ ಬೀಗರು ಕೇಳಿ ನಕ್ಕದ್ದು ಅದೇ. ಕಲ್ಲಿನಾಥ ತಾನು ತೆಗೆದದ್ದನ್ನು ಎಳೆ ಎಳೆಯಾಗಿ ಹಾಡಿಗೆ ಮರಳಿಸುತ್ತ ಬಂದ. ಪೆಟ್ಟು ಮೈತುಂಬಿಕೊಂಡಿತು.

"ಎಡಕ್ಕ ಹ್ಯಾಂಗ ಕೇಳ್ತದ?" ಎಂದು ಕೇಳಿದ.

"ಎಡಕಿನ ಸ್ಪೀಕರ್ ನಾನ ಒಡದೀನಲ್ಲ."

"ಸ್ಪೀಕರ್ ಅಲ್ಲಲೇ. ನನಗ ಎಡಗಡೆ ಏನೂ ಕೇಳವಲ್ದು."

ಕಿವಿಯಿಂದ ಇಳಿದ ತೆಳು ರಕ್ತ ಕಾಲರಿನಲ್ಲಿ ಇಂಗಿತ್ತು. ಜಗದೇವ ಅದನ್ನು ನೋಡುತ್ತ ನಿಂತ. ಆಮೇಲೆ ಬಂದು ಮಂಡಿಯೂರಿ ಮುಖ ಪಕ್ಕಕ್ಕೆ ತಿರುಗಿಸಿ ಕಿವಿ ಮುಂದೆ ಮಾಡಿದ.

"ಹೊಡಿ. ಚುಕ್ತಾ ಮಾಡಿಬಿಡು."

ಕಲ್ಲಿನಾಥ ಕೈ ಎತ್ತಿದ. ಪೂರ್ತಿ ಎತ್ತಿದ. ಜಗದೇವ ಕಣ್ಣು ಮುಚ್ಚಿ ಹಲ್ಲು ಕಚ್ಚಿದ್ದ. ಹಾಡಿನಲ್ಲಿ ಅವನದೇ ದನಿ ಮದುಮಗಳನ್ನು ಕರೆಯುತ್ತಿತ್ತು.

"ಬಾಕಿ ಇರ್ಲಿ," ಎಂದು ಕಲ್ಲಿನಾಥ ಕೈ ಇಳಿಸಿದ. "ನಿಂದೂ ಹೋದ್ರ ಇದನ್ನ ಯಾರು ಕೇಳಬೇಕು? ಕುಂಡ್ರು. ಎಡಕ್ಕ ಕುಂಡ್ರು."

ಜಗದೇವ ಎಡಕ್ಕೆ ಕುಂತ.

"ಚಹಾ ಇಡ್ಲೇನ್ರೋ?" ಎಡಗಡೆಯ ಅಡಿಗೆಮನೆಯಿಂದ ಗುರಮ್ಮ ಕೂಗಿದಳು.

ಜಗದೇವ ತಿರುಗಿ ನೋಡಿದ. ಕಲ್ಲಿನಾಥ ತಿರುಗಲಿಲ್ಲ. ಅವನು ಮೂಲೆಯ ಕಲ್ಲನ್ನೇ ನೋಡುತ್ತಿದ್ದ. ಡೊಳ್ಳಿನ ಪೆಟ್ಟು ಬೀಳುತ್ತಿತ್ತು, ಕಲ್ಲಿನ ಮೇಲೆ ಒಂದು ಕಾಳೂ ಅಲುಗಲಿಲ್ಲ.